ಅಕ್ಕೋರ ಕಿವಿ, ನಾನು ಕಟ್ಟಿದ ಪೆಟ್ಟಿಗೆ

ಕುರುಗೋಡಿನ ಸಂಗೀತದ ಅಕ್ಕೋರು ಆ ಮಾತು ಹೇಳಿದಾಗ ನಾನು ಅವರ ಪಡಸಾಲೆಯಲ್ಲಿ, ನಾನೇ ಕಟ್ಟಿಕೊಟ್ಟಿದ್ದ ಸ್ಪೀಕರ್ ಪೆಟ್ಟಿಗೆಗಳ ಮುಂದೆ ಮೊಣಕಾಲೂರಿ ಕೂತಿದ್ದೆ.

"ತಂಗಿ, ಬ್ಯಾಸರ ಮಾಡ್ಕೋಬ್ಯಾಡ. ತಂಬೂರಿ ಸರಿ ಕೇಳವಲ್ದು. ಝೇಂಕಾರ ಮ್ಯಾಲಿಂದ ಇಳಿಯೋ ಮುಂದ ನಡುವ ಒಂದು ಮೆಟ್ಟಲ ಇಲ್ದಂಗ ಆಗ್ತೈತಿ. ನಮ್ಮ ಗುರುಗಳ ದನಿನೂ ಹಂಗ. ಸ್ವರ ಒಂದು ಕಡಿ, ಅಕ್ಷರ ಒಂದು ಕಡಿ ನಿಂತಂಗ."

ಅವರು ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮನೆಯಲ್ಲೇ ನಾಲ್ಕಾರು ಮಂದಿಗೆ ಹಿಂದೂಸ್ತಾನಿ ಹಾಡುಗಾರಿಕೆ ಹೇಳಿಕೊಡುತ್ತಿದ್ದರು. ಅವರ ಗುರುಗಳು ತಂಬೂರಿ ಮೀಟುತ್ತ ಹಾಡಿದ ಹಳೆಯ ಕ್ಯಾಸೆಟ್‌ಗಳಿದ್ದವು; ಅವನ್ನೆಲ್ಲ ನಾನೇ ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟಿದ್ದೆ. ಕಲಿಯಲು ಬಂದವರು ಮೊದಲು ಅದನ್ನು ಕೇಳಬೇಕು, ಆಮೇಲೆ ಬಾಯಿ ತೆರೆಯಬೇಕು ಎಂಬುದು ಆ ಮನೆಯ ಪದ್ಧತಿ. ಪೆಟ್ಟಿಗೆ ಮಾಡಿಸಿದ್ದೇ ಅದಕ್ಕಾಗಿ.

ಒಂದೊಂದು ಪೆಟ್ಟಿಗೆಯಲ್ಲೂ ಎರಡು ಸ್ಪೀಕರ್. ಕೆಳಗಿನ ಸ್ವರಗಳಿಗೆ ದೊಡ್ಡ ಕೋನು, ಮೇಲಿನ ಸ್ವರಗಳಿಗೆ ರೇಷ್ಮೆ ಗುಮ್ಮಟದ ಸಣ್ಣದು, ಅಂದರೆ ಟ್ವೀಟರ್. ಯಾವ ಸ್ವರ ಯಾರ ಪಾಲಿಗೆ ಎಂದು ಹಂಚುವುದಕ್ಕೆ ಒಳಗೆ ಕಾಯಿಲ್, ಕೆಪಾಸಿಟರ್‌ಗಳ ಸಣ್ಣ ಬೋರ್ಡು. ಅದಕ್ಕೆ ಕ್ರಾಸ್‌ಓವರ್ ಎನ್ನುತ್ತೇವೆ. ಅದರ ಲೆಕ್ಕ ನಾನೇ ಹಾಕಿದ್ದೆ, ಬೆಸುಗೆಯೂ ನನ್ನದೇ.

ನಾನು ಅಳತೆಯ ಮೈಕನ್ನು ದೊಡ್ಡ ಕೋನಿನ ಹತ್ತಿರ ಹಿಡಿದು ನೋಡಿದೆ. ಲ್ಯಾಪ್‌ಟಾಪಿನ ಗ್ರಾಫ್‌ನಲ್ಲಿ ಗೆರೆ ನೆಟ್ಟಗೆ ಬಂತು. ಟ್ವೀಟರ್ ಹತ್ತಿರ ಹಿಡಿದೆ. ಅದೂ ನೆಟ್ಟಗೆ. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ.

"ನೋಡ್ರಿ ಅಕ್ಕೋರೆ, ಗ್ರಾಫ್‌ನಾಗ ಏನೂ ತೊಂದ್ರಿ ಇಲ್ರಿ."

"ಗ್ರಾಫ್ ಸರಿ ಇರಬೋದವಾ. ನನಗ ಕೇಳೋದು ಹೇಳಿದೆ."

ಬಳ್ಳಾರಿಯ ಪಾರ್ವತಿನಗರದ ನನ್ನ ರಿಪೇರಿ ಅಂಗಡಿಗೆ ಆಂಪ್ಲಿಫೈಯರ್ ಹೊತ್ತು ತರುವವರಲ್ಲಿ ಎಷ್ಟೋ ಮಂದಿ ಈಗಲೂ ನನ್ನನ್ನು ನೋಡಿ "ಮಾಲಕ್ರು ಎಲ್ಲಿ ಹೋಗ್ಯಾರ್ರಿ?" ಎಂದೇ ಕೇಳುತ್ತಾರೆ. ಹೆಣ್ಣುಮಗಳ ಕೈಗೆ ಸಾಮಾನು ಬಿಟ್ಟು ಹೋಗಲು ಹಿಂದೆಮುಂದೆ ನೋಡುತ್ತಾರೆ. ಅಂಥವರ ಮುಂದೆ ಗ್ರಾಫೇ ನನ್ನ ಸಾಕ್ಷಿಯಾಗಿತ್ತು. ಅಕ್ಕೋರು ಅಂಥವರಲ್ಲ, ನಂಬಿ ಕೆಲಸ ಕೊಟ್ಟವರು. ಆದರೂ ನನ್ನ ಕೆಲಸದಲ್ಲಿ ಕುಂದಿದೆ ಎಂದದ್ದು ಮನಸ್ಸಿಗೆ ಚುಚ್ಚಿತು.

"ವಯಸ್ಸಾದ ಮ್ಯಾಲ ಮೊದಲು ಹೋಗೋದು ಮ್ಯಾಲಿನ ಸ್ವರಾನ ಅಲ್ರಿ ಅಕ್ಕೋರೆ. ಒಮ್ಮೆ ಕಿವಿ ತೋರಿಸ್ಕೊಂಡು ಬರ್ರಿ" ಅಂದೆ.

ಅವರು ಆಂಪ್ಲಿಫೈಯರ್ ಆರಿಸಿದರು. "ಇರಬೋದು" ಅಂದರು. ಮಂಡಕ್ಕಿಯ ವಗ್ಗಾಣಿ ತಿನ್ನಿಸಿಯೇ ಕಳಿಸಿದರು.

ಆಮೇಲೊಂದು ದಿನ ಬಳ್ಳಾರಿಯಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡು, ಬಸ್ಸು ಹಿಡಿಯುವ ಮುಂಚೆ ನನ್ನ ಅಂಗಡಿಗೆ ಬಂದರು. ಮೇಲಿನ ಸ್ವರಗಳು ಕಡಿಮೆಯಾಗಿವೆ, ಈ ವಯಸ್ಸಿಗೆ ಸಹಜ ಎಂದು ಡಾಕ್ಟರು ಹೇಳಿದ್ದರಂತೆ.

"ನೀ ಹೇಳಿದ್ದ ಖರೆ ಆತು ನೋಡವಾ" ಎಂದು ನಕ್ಕರು.

ನನಗೆ ಆಗ ಆದದ್ದು ನಿರಾಳ. ಸುಳ್ಳು ಹೇಳಬಾರದು, ಸ್ವಲ್ಪ ಹೆಮ್ಮೆಯೂ ಆಯಿತು. ಅವರ ಆ ನಗು ಬಾಯಿಯ ತುದಿಯಲ್ಲಷ್ಟೇ ಇತ್ತು ಎಂಬುದು ಕಂಡಿತ್ತು, ಕಂಡರೂ ಸುಮ್ಮನಿದ್ದೆ.

ಬೇಸಿಗೆಯಲ್ಲಿ ಅವರ ಶಿಷ್ಯೆಯೊಬ್ಬಳು ಅಂಗಡಿಗೆ ಬಂದಳು. ರೂಪನಗುಡಿಯಲ್ಲಿ ಮನೆಯಲ್ಲೇ ರವಿಕೆ ಹೊಲಿಯುವ ಗೃಹಿಣಿ. ಅಲ್ಲಿಂದ ಬಳ್ಳಾರಿಗೆ ಒಂದು ಬಸ್ಸು, ಬಳ್ಳಾರಿಯಿಂದ ಕುರುಗೋಡಿಗೆ ಇನ್ನೊಂದು. ಹಾಗೆ ಓಡಾಡಿ ಕಲಿಯುತ್ತಿದ್ದವಳು. ಅವಳ ಎಲೆಕ್ಟ್ರಾನಿಕ್ ತಂಬೂರಿಯ ಸ್ವಿಚ್ಚು ಹೋಗಿತ್ತು.

"ರಿಪೇರಿ ಮಾಡಿ ಇಟ್ಟಿರ್ರಿ. ಯಾರಾರ ಬೇಕಂದ್ರ ಕೊಟ್ಟುಬಿಡ್ರಿ" ಅಂದಳು.

"ಯಾಕ? ರೇಡಿಯೋದಾಗ ಹಾಡಾಕ ಸ್ವರ ಪರೀಕ್ಷೆಗೆ ತಯಾರಿ ಮಾಡಾಕತ್ತಿದ್ರೆಲ್ಲ?"

"ಅಕ್ಕೋರು ಕಲಿಸೋದು ಬಿಟ್ರಲ್ರಿ. 'ತಪ್ಪು ಕೇಳೋ ಕಿವಿ ಇಟ್ಕೊಂಡು ಕಲಿಸಿದ್ರ ನಿನ್ನ ಗಂಟಲಾನೂ ಕೆಡಸ್ತೀನವಾ, ಬ್ಯಾರೆ ಕಡಿ ಹೋಗು' ಅಂದ್ರು. ಬ್ಯಾರೆ ಕಡಿ ಎಲ್ಲಿ ಹೋಗ್ಲಿ? ಪರೀಕ್ಷೆಗೆ ಕರೆದಿದ್ರು. ಧೈರ್ಯ ಬರ್ಲಿಲ್ಲ, ಹೋಗ್ಲಿಲ್ಲ."

"ಪಾಪ, ವಯಸ್ಸು ಯಾರನ್ನ ಬಿಡತೈತಿ" ಅಂದೆ. ಸ್ವಿಚ್ಚು ಬದಲಿಸಿ ಸ್ಕ್ರೂ ಬಿಗಿದೆ. ಅವಳು ಹೋದ ಮೇಲೆ ಆ ಯಂತ್ರವನ್ನು ಒರೆಸಿ ಕಪಾಟಿನ ಮೇಲಿಟ್ಟೆ. ಅಷ್ಟೇ. ಆ ಹೊತ್ತಿಗೆ ನನ್ನಲ್ಲಿದ್ದದ್ದು ಕನಿಕರ ಮಾತ್ರ.

ಸಿರುಗುಪ್ಪದ ಹಲ್ಲಿನ ಡಾಕ್ಟರು ಫೋನ್ ಮಾಡಿದ್ದು ಭತ್ತದ ಕಟಾವಿನ ಕಾಲದಲ್ಲಿ. ವೃತ್ತಿ ಬಿಟ್ಟು ಮನೆಯಲ್ಲಿದ್ದರು. ಹಿಂದೊಮ್ಮೆ ಅವರ ಆಂಪ್ಲಿಫೈಯರ್ ರಿಪೇರಿ ಮಾಡಿಕೊಟ್ಟಿದ್ದೆ. ಈಗ ಸ್ಪೀಕರು ಕೆಟ್ಟಿದೆ, ತರುವಂಥದ್ದಲ್ಲ, ನೀನೇ ಬರಬೇಕು ಅಂದರು. ಹೋಗಿ ನೋಡಿದರೆ ಅವು ನಾನು ಪುಸ್ತಕದಲ್ಲಿ ಮಾತ್ರ ಓದಿದ್ದ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರುಗಳು. ಎದೆಯೆತ್ತರದ ಎರಡು ಚಪ್ಪಟೆ ಹಲಗೆಗಳಂತೆ ಗೋಡೆಯಿಂದ ದೂರ ನಿಂತಿದ್ದವು. ವಿದೇಶದಿಂದ ವಾಪಸು ಬಂದ ಸಂಬಂಧಿಯೊಬ್ಬರು ಬಹಳ ಹಿಂದೆ ಕೊಟ್ಟು ಹೋದದ್ದಂತೆ.

"ಇದರಾಗ ಕೋನ್ ಇಲ್ಲಮ್ಮಾ. ಕ್ರಾಸ್‌ಓವರ್ ಅಂತೀರಲ್ಲ, ಅದೂ ಇಲ್ಲ. ಮತ್ತ ಎಲ್ಲಾ ಸ್ವರ ಹೆಂಗ ಬರ್ತಾವ, ಮೊದಲು ಅದನ್ನ ನನಗ ತಿಳಿಸಿ ಆಮ್ಯಾಲ ಕೈ ಹಚ್ಚು."

ನನಗೆ ತಿಳಿದಷ್ಟು ಹೇಳಿದೆ. ತೂತು ತೂತಾದ ಎರಡು ಲೋಹದ ತಗಡು. ಅವುಗಳ ನಡುವಿನ ಸಣ್ಣ ಸಂದಿನಲ್ಲಿ, ಎರಡನ್ನೂ ಮುಟ್ಟದ ಹಾಗೆ ಬಿಗಿದ, ಉಸಿರು ಬಿಟ್ಟರೆ ಅಲುಗುವ ಪ್ಲಾಸ್ಟಿಕ್ ಹಾಳೆ. ಆ ಹಾಳೆಗೆ ಸಾವಿರಾರು ವೋಲ್ಟಿನ ವಿದ್ಯುತ್ತು ಉಣಿಸಿ ಇಡುತ್ತಾರೆ. ಬಾಚಣಿಗೆಯನ್ನು ಒಣಗೂದಲಿಗೆ ತಿಕ್ಕಿದರೆ ಕಾಗದದ ಚೂರನ್ನು ಎಳೆಯುವುದಿಲ್ಲವೇ, ಅದೇ ಶಕ್ತಿ. ಹಾಡಿನ ಸಂಕೇತ ಟ್ರಾನ್ಸ್‌ಫಾರ್ಮರ್‌ನಲ್ಲಿ ಏರಿ ಎರಡು ತಗಡುಗಳಿಗೂ ಒಂದಕ್ಕೊಂದು ವಿರುದ್ಧವಾಗಿ ಹೋಗುತ್ತದೆ. ಒಂದು ತಗಡು ಎಳೆದಾಗ ಇನ್ನೊಂದು ತಳ್ಳುತ್ತದೆ. ನಡುವಿನ ಹಾಳೆ ಹಾಡಿಗೆ ತಕ್ಕಂತೆ ಆ ಕಡೆ ಈ ಕಡೆ ತೂಗುತ್ತದೆ.

"ಮಾಮೂಲಿ ಕೋನು ಭಾರ ಇರ್ತೈತ್ರಿ. ಅದನ್ನ ಕುತ್ತಿಗಿ ಹಿಡಿದು ನಡುವ ಮಾತ್ರ ದೂಕ್ತೀವಿ. ನಿಧಾನಕ್ಕ ಹೋಗೋ ಕೆಳಗಿನ ಸ್ವರಕ್ಕ ಅದು ಸರಿ. ಮ್ಯಾಲಿನ ಸ್ವರ ಬಂದಾಗ ಅಷ್ಟು ಜಲ್ದಿ ಅಲಗಾಕ ಆಗಂಗಿಲ್ಲ, ಅದಕ್ಕ ಹಗೂರ ಇರೋ ಇನ್ನೊಂದು ಬೇಕು. ಇಬ್ಬರು ಆದ ಮ್ಯಾಲ ಪಾಲು ಹಂಚಾಕ ಕ್ರಾಸ್‌ಓವರ್. ಈ ಹಾಳಿ ತನ್ನ ಮುಂದಿನ ಗಾಳಿಗಿಂತ ಹಗೂರ. ಎಳಿಯೋದೂ ಮೈ ತುಂಬಾ ಒಮ್ಮೆಲೆ. ಹಂಗಾಗಿ ಮಂದ್ರಾನೂ ತಾರಾನೂ ಇದೊಂದ ಹಾಡತೈತಿ."

"ಮತ್ತ ಎಲ್ಲಾರೂ ಇದನ್ನ ಯಾಕ ಮಾಡಂಗಿಲ್ಲ?"

"ಹಾಳಿ ದೂರ ಅಲಗಾಕ ಜಾಗ ಇಲ್ಲಲ್ರಿ. ಕೆಳಗಿನ ಸ್ವರ ಬೇಕಂದ್ರ ಇಷ್ಟು ಅಗಲ ಬೇಕು. ಅಷ್ಟಾದ್ರೂ ಡೊಳ್ಳಿನ ಪೆಟ್ಟು ಎದಿಗೆ ಬಂದು ಬಡಿಯಂಗಿಲ್ಲ. ಧೂಳು, ಥಂಡಿ ಎರಡೂ ಆಗಂಗಿಲ್ಲ."

ಧೂಳೇ ಅದನ್ನು ಕೆಡಿಸಿತ್ತು. ಅವರ ಮನೆಯ ಸುತ್ತ ರೈಸ್‌ಮಿಲ್ಲುಗಳು. ತೌಡಿನ ಹಿಟ್ಟು ಕಿಟಕಿಯ ಬಲೆಯಲ್ಲೂ ನಿಲ್ಲುವುದಿಲ್ಲ. ಎಡಗಡೆಯ ಸ್ಪೀಕರಿನಲ್ಲಿ ಕೆಲವು ದಿನ ಚಟಚಟ ಸದ್ದು ಬಂದು ಆಮೇಲೆ ದನಿಯೇ ನಿಂತಿತ್ತು. ಬಿಚ್ಚಿದಾಗ ತಗಡಿನ ತೂತುಗಳ ಅಂಚಿಗೆ ಹಿಟ್ಟು ಕಟ್ಟಿತ್ತು, ಕಿಡಿ ಹಾರಿದಲ್ಲಿ ಹಾಳೆ ಸುಟ್ಟು ಸಣ್ಣ ಕಪ್ಪು ತೂತುಗಳಾಗಿದ್ದವು. ಹೊಸ ಹಾಳೆಯನ್ನೇ ಹಾಕಬೇಕಿತ್ತು.

ಡಾಕ್ಟರು ಮುಚ್ಚಿದ್ದ ತಮ್ಮ ಕ್ಲಿನಿಕ್ಕಿನ ಕೋಣೆ ಬಿಟ್ಟುಕೊಟ್ಟರು. ಸಂದಿಲ್ಲದ ಕಿಟಕಿ, ಹಲ್ಲು ನೋಡುವ ದೀಪ, ಗಾಳಿಯ ಕಂಪ್ರೆಸರ್ ಎಲ್ಲ ಅಲ್ಲಿದ್ದವು. ನಾನು ಬಳ್ಳಾರಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ.

ಹಾಳೆ ಬಿಗಿಯುವುದೇ ಇಡೀ ಕೆಲಸದ ಜೀವ. ಪ್ಲೈವುಡ್ ಹಲಗೆಯ ಅಂಚಿಗೆ ಸುತ್ತಲೂ ಸೈಕಲ್ ಟ್ಯೂಬು ಕೂರಿಸಿ, ಅದರ ಮೇಲೆ ಹಾಳೆ ಹೊದಿಸಿ, ಹಾಳೆಯ ಅಂಚನ್ನು ಹಲಗೆಯ ಕೆಳಗೆ ಅಂಟಿಸಬೇಕು. ಟ್ಯೂಬಿಗೆ ಗಾಳಿ ತುಂಬಿದಂತೆ ಹಾಳೆ ಎಲ್ಲ ಕಡೆಗೂ ಸಮನಾಗಿ ಬಿಗಿಯುತ್ತದೆ. ಹಾಗೆ ಬಿಗಿದಿರುವಾಗಲೇ ಸ್ಪೀಕರಿನ ಚೌಕಟ್ಟಿಗೆ ಅಂಟು ಬಳಿದು ಮೇಲಿಟ್ಟು ಒಣಗಲು ಬಿಡಬೇಕು. ಡಾಕ್ಟರು ಹಲ್ಲಿಗೆ ಸಿಮೆಂಟು ತುಂಬುವ ಚಮಚದಲ್ಲಿ ಅಂಟು ಬಳಿದರು. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಂಪ್ರೆಸರಿನಿಂದ ಟ್ಯೂಬಿಗೆ ಗಾಳಿ ಬಿಟ್ಟವರೂ ಅವರೇ.

ಮೊದಲನೆಯ ಹಾಳೆ ಮೂಲೆಯಲ್ಲಿ ಸುಕ್ಕಾಯಿತು. ಬಿಸಿಗಾಳಿ ಬಿಟ್ಟು ಸುಕ್ಕು ತೆಗೆಯಲು ಹೋಗಿ ಒಂದೇ ಕಡೆ ಹೆಚ್ಚು ಹೊತ್ತು ಹಿಡಿದೆ. ಕಣ್ಣೆದುರೇ ತೂತು ಬಿತ್ತು. ಎರಡನೆಯದು ಚೆನ್ನಾಗಿ ಬಿಗಿಯಿತು. ಆದರೆ ವಿದ್ಯುತ್ತು ನಿಲ್ಲಬೇಕಾದರೆ ಹಾಳೆಗೆ ಗ್ರಾಫೈಟ್ ಪುಡಿಯನ್ನು ಹತ್ತಿಯಲ್ಲಿ ತಿಕ್ಕಬೇಕು, ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ನಾನು ಭರದಲ್ಲಿ ಹೆಚ್ಚು ತಿಕ್ಕಿದೆ. ವಿದ್ಯುತ್ತು ಹಾಳೆಯ ಮೇಲೆ ತನ್ನ ಜಾಗದಲ್ಲಿ ನಿಲ್ಲದೆ, ತಗಡಿಗೆ ಎಲ್ಲಿ ಹತ್ತಿರವಾಯಿತೋ ಅಲ್ಲಿಗೇ ಓಡತೊಡಗಿತು. ದೊಡ್ಡ ದನಿ ಬಂದಾಗಲೆಲ್ಲ ಕೆರೆದಂತೆ ಸದ್ದು, ಕೊನೆಗೆ ಕಿಡಿ. ಅದನ್ನೂ ಕಿತ್ತೆ.

ಆ ಸಿಟ್ಟಿನಲ್ಲಿ, ಉಳಿದ ವಿದ್ಯುತ್ತನ್ನು ಇಳಿಸದೆ ತಗಡಿಗೆ ಕೈ ಇಟ್ಟೆ. ಮೊಣಕೈವರೆಗೆ ಜುಮ್ಮೆಂದಿತು.

"ಏಯ್! ಹೊರಗ ಬಾ ಮೊದಲು" ಎಂದು ಡಾಕ್ಟರು ಗದರಿದರು. "ಇವತ್ತಿಗೆ ಸಾಕು. ಸಿಟ್ಟು ಬಂದ ಕೈಲಿ ನಾನು ಯಾರ ಬಾಯಾಗೂ ಡ್ರಿಲ್ ಇಡ್ತಿರಲಿಲ್ಲಮ್ಮಾ."

ಮೂರನೆಯ ಹಾಳೆಯನ್ನು ನಿಧಾನವಾಗಿ ಮಾಡಿದೆವು. ಪುಡಿಯನ್ನು ಒರೆಸಿ ಒರೆಸಿ ಹಾಳೆಯ ಮೇಲೆ ಬೂದಿಯ ನೆರಳಿನಷ್ಟು ಉಳಿಸಿದೆ. ತಗಡುಗಳನ್ನು ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿ ಜೋಡಿಸಿದೆವು. ಈ ಸಲ ಹೊರಗೆ ತೆಳು ಪ್ಲಾಸ್ಟಿಕ್ಕಿನ ಧೂಳುಚೀಲವನ್ನೂ ಹೊದಿಸಿದೆ. ಸ್ವಿಚ್ ಹಾಕಿದಾಗ ಸದ್ದು ತಟ್ಟನೆ ಬರಲಿಲ್ಲ. ಹಾಳೆಗೆ ವಿದ್ಯುತ್ತು ತುಂಬುತ್ತ ಹೋದಂತೆ ದೂರದಿಂದ ಯಾರೋ ನಡೆದು ಬಂದ ಹಾಗೆ ದನಿ ಹತ್ತಿರವಾಯಿತು.

ಪರೀಕ್ಷೆಗೆಂದು ಮೊದಲು ಕೆಳಗಿನಿಂದ ಮೇಲಿನವರೆಗೆ ಜಾರುವ ಒಂದೇ ಸ್ವರ ಹಾಕಿದೆ. ನಮ್ಮ ಪೆಟ್ಟಿಗೆಗಳಲ್ಲಾದರೆ ಆ ಸ್ವರ ಒಂದು ಕಡೆ ಕೋನಿನಿಂದ ಟ್ವೀಟರ್‌ಗೆ ಕೈ ಬದಲಾಗುವುದು ನನಗೆ ಗೊತ್ತಾಗುತ್ತದೆ. ಇಲ್ಲಿ ಅಂಥ ಜಾಗವೇ ಸಿಗಲಿಲ್ಲ. ಆಮೇಲೆ ಫೋನಿನಲ್ಲಿದ್ದ ಹಾಡು ಹುಡುಕಿದೆ. ಅಕ್ಕೋರ ಗುರುಗಳ ತಂಬೂರಿ ಸಿಕ್ಕಿತು. ಅವರ ಪೆಟ್ಟಿಗೆ ಕಟ್ಟುವಾಗ ಕೇಳಿ ನೋಡಲೆಂದು ಇಟ್ಟುಕೊಂಡದ್ದು. ಅದನ್ನು ಹಚ್ಚಿದೆ.

ತಂತಿ ಮೀಟಿದ ಮೇಲೆ ಅದರೊಳಗಿಂದ ಎಳೆ ಎಳೆಯಾಗಿ ಸ್ವರಗಳು ಬಿಚ್ಚಿಕೊಂಡು ಮೇಲಿನಿಂದ ಕೆಳಗಿಳಿದವು. ಒಂದರ ಕೈ ಬಿಡುವ ಮುಂಚೆ ಇನ್ನೊಂದರ ಕೈ ಹಿಡಿದು ಇಳಿದವು. ಎಲ್ಲೂ ತಪ್ಪಲಿಲ್ಲ. ಇನ್ನೊಂದು ಮೀಟು. ಮತ್ತೆ ಅದೇ. ಇದೇ ರೆಕಾರ್ಡಿಂಗನ್ನು ನನ್ನ ಅಂಗಡಿಯಲ್ಲಿ ಎಷ್ಟು ಸಲ ಕೇಳಿದ್ದೆ! ಅಲ್ಲಿ ಇಳಿಯುವ ದಾರಿಯ ನಡುವೆ ಒಂದು ಕಡೆ ಅದು ಮಸುಕಾಗುತ್ತಿತ್ತು. ಕ್ಯಾಸೆಟ್ ಹಳೆಯದು, ಅದಕ್ಕೇ ಹಾಗೆ ಅಂದುಕೊಂಡಿದ್ದೆ. ಕ್ಯಾಸೆಟ್ ಸರಿಯಾಗಿಯೇ ಇತ್ತು. ಮೆಟ್ಟಿಲು ತಪ್ಪಿದ್ದು ನಾನು ಕಟ್ಟಿದ ಪೆಟ್ಟಿಗೆಯಲ್ಲಿ.

"ಏನಾತಮ್ಮಾ? ಸರಿ ಬಂದಿಲ್ಲೇನು?" ಡಾಕ್ಟರು ಕೇಳಿದರು.

"ಸರಿ ಬಂದೈತ್ರಿ. ಭಾಳ ಸರಿ ಬಂದೈತಿ" ಅಂದೆ. ಹಲ್ಲಿನ ಕುರ್ಚಿಯ ಮೇಲೆ ಕೂತುಬಿಟ್ಟೆ.

ಮರುದಿನ ಸಿರುಗುಪ್ಪಕ್ಕೆ ಹೋಗಲಿಲ್ಲ. ಅಕ್ಕೋರಿಗೆ ಮಾಡಿಕೊಟ್ಟ ಅಚ್ಚಿನದೇ ಇನ್ನೊಂದು ಪೆಟ್ಟಿಗೆ ಮಾದರಿಗೆಂದು ಅಂಗಡಿಯಲ್ಲಿತ್ತು. ಮೈಕನ್ನು ಕೋನಿಗೆ ಒತ್ತಿ ಹಿಡಿಯದೆ, ಕೇಳುವವರು ಕೂರುವಷ್ಟು ದೂರ ಇಟ್ಟೆ. ಎರಡು ಸ್ಪೀಕರುಗಳನ್ನೂ ಒಟ್ಟಿಗೆ ಹಾಡಿಸಿದೆ. ಗೆರೆ ನೆಟ್ಟಗೆ ಬಂದು, ಕೋನು ಟ್ವೀಟರ್‌ಗೆ ಸ್ವರ ಒಪ್ಪಿಸುವ ಜಾಗದಲ್ಲಿ ಬಾವಿಗೆ ಬಿದ್ದಂತೆ ಕೆಳಗೆ ಹೋಗಿ ಮತ್ತೆ ಮೇಲೆ ಬಂತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಬಗೆಯ ಕ್ರಾಸ್‌ಓವರ್‌ನಲ್ಲಿ ಟ್ವೀಟರಿನ ಎರಡು ತಂತಿಗಳನ್ನು ತಿರುಗಿಸಿ ಜೋಡಿಸಬೇಕು. ನಾನು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಿದ್ದೆ. ಕೈ ಬದಲಾಗುವ ಜಾಗದಲ್ಲಿ ಇಬ್ಬರೂ ಒಂದೇ ಸ್ವರ ಹಾಡುತ್ತಾರೆ. ಒಬ್ಬರು ಗಾಳಿಯನ್ನು ತಳ್ಳುವಾಗ ಇನ್ನೊಬ್ಬರು ಎಳೆದರೆ ಸ್ವರ ಅಲ್ಲೇ ಸಾಯುತ್ತದೆ. ನಾನು ಕೋನನ್ನು ಬೇರೆ, ಟ್ವೀಟರನ್ನು ಬೇರೆ ಅಳೆದಿದ್ದೆ. ಬೇರೆ ಬೇರೆಯಾಗಿ ಇಬ್ಬರೂ ಸರಿಯೇ. ಒಟ್ಟಿಗೆ ಹಾಡುವಾಗ ಏನಾಗುತ್ತದೆ ಎಂದು ಒಮ್ಮೆಯೂ ಅಳೆದಿರಲಿಲ್ಲ. ಎರಡೂ ಪೆಟ್ಟಿಗೆಗಳಲ್ಲಿ ಒಂದೇ ತಪ್ಪು ಇದ್ದುದರಿಂದ ಎಡಬಲದ ವ್ಯತ್ಯಾಸವೂ ಕಂಡಿರಲಿಲ್ಲ.

ಬೆಸುಗೆ ಬಿಚ್ಚಿ ತಂತಿ ತಿರುಗಿಸಿದೆ. ಮತ್ತೆ ಅಳೆದೆ, ಗೆರೆಯ ಗುಂಡಿ ತುಂಬಿತ್ತು. ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿದ ಕೆಲಸ. ಇಷ್ಟಕ್ಕೆ ಒಬ್ಬರು ಜೀವಮಾನವೆಲ್ಲ ನಂಬಿದ್ದ ಕಿವಿಯನ್ನು ನಂಬದಾದರು. ಇನ್ನೊಬ್ಬಳು ಪರೀಕ್ಷೆಗೆ ಹೋಗಲಿಲ್ಲ. ಕಪಾಟಿನ ಮೇಲೆ ಅವಳ ತಂಬೂರಿ ಯಂತ್ರ ಇನ್ನೂ ಕೂತಿತ್ತು. ಅತ್ತ ನೋಡಲಾಗದೆ ಅಂಗಡಿಯ ಶಟರ್ ಅರ್ಧ ಎಳೆದು ಕೂತೆ.

ಆಗ ಮನಸ್ಸಿಗೆ ಬಂದದ್ದನ್ನೂ ಹೇಳಬೇಕು. ಕುರುಗೋಡಿಗೆ ಹೋಗಿ, "ಸರ್ವೀಸ್ ಮಾಡಿ ಹೋಗ್ತೀನ್ರಿ" ಎಂದು ಎರಡು ಪೆಟ್ಟಿಗೆಗಳ ತಂತಿ ತಿರುಗಿಸಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕೇಳಿದರೆ ಕೆಪಾಸಿಟರ್ ಹೋಗಿತ್ತು ಎನ್ನಬಹುದು. ಈ ಯೋಚನೆಯನ್ನು ಬಲಗಡೆಯ ಸ್ಪೀಕರನ್ನೂ ಬಿಚ್ಚಿ ಧೂಳು ತೆಗೆಯಲು ಸಿರುಗುಪ್ಪಕ್ಕೆ ಹೋಗುವವರೆಗೂ ಮನಸ್ಸಿನಲ್ಲೇ ಇಟ್ಟುಕೊಂಡೆ. ತಗಡು ತೊಳೆಯುತ್ತ ಡಾಕ್ಟರಿಗೆ ಎಲ್ಲ ಹೇಳಿದೆ.

ಅವರು ಕೈಗವಸು ತೆಗೆದು ಕೇಳಿದರು. "ಆ ಅಮ್ಮ ಈಗ ಆ ಪೆಟ್ಟಿಗಿ ಹಚ್ಚತಾರೇನು?"

"ಇಲ್ಲ ಅನ್ಸತೈತ್ರಿ."

"ಹಚ್ಚದ ಪೆಟ್ಟಿಗಿ ರಿಪೇರಿ ಮಾಡಿದ್ರ ಯಾರಿಗೆ ತಿಳೀತೈತಿ? ಕೆಟ್ಟಿದ್ದು ಪೆಟ್ಟಿಗಿ ಒಂದ ಅಲ್ಲಲ್ಲಮ್ಮಾ."

ನಾನು ತಗಡನ್ನು ಉಜ್ಜುತ್ತಲೇ ಇದ್ದೆ. ಅವರೇ ಮುಂದುವರಿಸಿದರು.

"ಕಿವಿ ಡಾಕ್ಟರು ಹೇಳಿದ್ದು ಸುಳ್ಳಂತೂ ಇರಂಗಿಲ್ಲ. ನನ್ನ ಕಿವಿ ತೋರಿಸಿದ್ರೂ ಹಂಗ ಹೇಳ್ತಾರ. ಆದ್ರ ಆ ಕುಂದು ಇನ್ನೂ ಮ್ಯಾಲ, ಕೀಟದ ಸದ್ದಿನ ಹಂತದಾಗ ಇರ್ತೈತಿ. ನಿನ್ನ ಬಾವಿ ಇರೋದು ಮನುಷ್ಯರ ದನಿಯೊಳಗ. ಬಾಯಿಂದ ಹೇಳಿದ್ರ ಅವರು ನಂಬಂಗಿಲ್ಲ. ಕೇಳಿಸಬೇಕು."

ಹಾಗೆ ತೀರ್ಮಾನವಾಯಿತು. ಮೊದಲು ತಪ್ಪು ಹೇಳುವುದು, ಆಮೇಲೆ ಸರಿ ಮಾಡುವುದು. ತಂತಿ ತಿರುಗಿಸುವ ಮುಂಚೆ ಅವರ ಕಿವಿಗೇ ಕೇಳಿಸುವುದು. ಹೊಸ ಹಾಳೆಯ ಸ್ಪೀಕರನ್ನು ಡಾಕ್ಟರು ತಮ್ಮ ಹಳೆಯ ಜೀಪಿನ ಹಿಂದೆ ಹಾಸಿಗೆ ಹಾಸಿ ಮಲಗಿಸಿದರು. ಭತ್ತ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಹಿಂದೆ, ಪ್ರತಿ ಗುಂಡಿಗೂ ನಿಲ್ಲಿಸಿ ನಿಲ್ಲಿಸಿ, ಕುರುಗೋಡಿನವರೆಗೆ ತಾವೇ ಓಡಿಸಿಕೊಂಡು ಬಂದರು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಬೆಟ್ಟದ ಬಂಡೆಗಳು ಕಂಡಾಗ ಜೋಡಿಸಿದ್ದೆಲ್ಲ ಮರೆತುಹೋಯಿತು.

ಅಕ್ಕೋರ ಪಡಸಾಲೆಯಲ್ಲಿ ಪೆಟ್ಟಿಗೆಗಳ ಮೇಲೆ ಹಳೆಯ ಸೀರೆ ಹೊದಿಸಿತ್ತು. ತಂಬೂರಿ ಗವಸಿನೊಳಗೆ ಗೋಡೆಗೆ ಆನಿಸಿತ್ತು. ಡಾಕ್ಟರನ್ನು ಪರಿಚಯಿಸಿದೆ. ಅವರಿಗೆ ಕುರ್ಚಿ ಹಾಕಿ, ಅಕ್ಕೋರು ಮಂಚದ ಮೇಲೆ ಕೂತರು.

"ಅಕ್ಕೋರೆ, ನಿಮ್ಮ ಕಿವಿ ಸರಿ ಐತ್ರಿ. ಪೆಟ್ಟಿಗಿ ನಾ ತಪ್ಪು ಕಟ್ಟೀನಿ. ನೀವು ಹೇಳಿದ ಮೆಟ್ಟಲ ಖರೇನ ಅದರಾಗ ಇಲ್ಲ. ನಾ ನೋಡಲಿಲ್ಲ. ನೋಡದಾನ ನಿಮ್ಮ ಕಿವಿ ಮ್ಯಾಲ ಹಾಕಿದೆ."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಕಿವಿ ಡಾಕ್ಟರು ಪರೀಕ್ಷೆ ಮಾಡಿ ಹೇಳ್ಯಾರಲ್ಲವಾ."

"ಅದು ಬ್ಯಾರೆ ಸ್ವರದ ಮಾತ್ರಿ. ನನ್ನ ಮಾತು ನಂಬಬ್ಯಾಡ್ರಿ. ನೀವ ಕೇಳಿ ಹೇಳ್ರಿ."

ಜೀಪಿನಿಂದ ಸ್ಪೀಕರ್ ಇಳಿಸಿ ಅವರ ಎದುರು ನಿಲ್ಲಿಸಿದೆವು. ಅವರದೇ ಆಂಪ್ಲಿಫೈಯರಿಗೆ ಜೋಡಿಸಿದೆ. ತಂಬೂರಿಯ ದನಿ ಮೆಲ್ಲಗೆ ಏರಿ ಬಂತು. ಅಕ್ಕೋರು ಕಣ್ಣು ಮುಚ್ಚಿದರು. ಮೊದಲ ಮೀಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಅವರ ಬಲಗೈ ತೋರುಬೆರಳು ತೊಡೆಯ ಮೇಲೆ ಇಳಿಯತೊಡಗಿತು, ಒಂದೊಂದೇ ಮೆಟ್ಟಿಲು ಮುಟ್ಟುತ್ತ, ಕೊನೆಯವರೆಗೆ. ಮತ್ತೊಂದು ಮೀಟು. ಮತ್ತೆ ಬೆರಳು ಕೊನೆಯವರೆಗೆ.

"ಈಗ ಅದನ್ನ ಹಚ್ಚು" ಅಂದರು, ಕಣ್ಣು ತೆರೆಯದೆ.

ಸೀರೆ ಸರಿಸಿ ನನ್ನ ಪೆಟ್ಟಿಗೆಗಳಿಗೆ ತಂತಿ ಬದಲಿಸಿದೆ. ಅದೇ ಮೀಟು. ಬೆರಳು ಇಳಿಯುತ್ತ ಬಂದು ಅರ್ಧದಲ್ಲಿ ಗಾಳಿಯಲ್ಲೇ ನಿಂತಿತು.

"ಇಲ್ಲಿ. ಇಲ್ಲೇ ಇಲ್ಲ."

ಮತ್ತೊಮ್ಮೆ ಹಚ್ಚಿಸಿದರು. ಬೆರಳು ಮತ್ತೆ ಅಲ್ಲೇ ನಿಂತಿತು. ಅಲ್ಲೇ ನೆಲದ ಮೇಲೆ ಕೂತು ಎರಡೂ ಪೆಟ್ಟಿಗೆ ಬಿಚ್ಚಿ ಟ್ವೀಟರಿನ ತಂತಿ ತಿರುಗಿಸಿದೆ. ಬೆಸುಗೆ ಆರಿದ ಮೇಲೆ ಅದೇ ಮೀಟು ಮತ್ತೆ ಹಚ್ಚಿದೆ. ಈ ಸಲ ಬೆರಳು ನಿಲ್ಲದೆ ಇಳಿಯಿತು.

"ಬಂತು" ಅಂದರು. "ಅದರಷ್ಟು ನುಣುಪಿಲ್ಲ. ಆದ್ರ ಬಂತು."

ಕಣ್ಣು ತೆರೆದು ನನ್ನನ್ನು ನೋಡಿದರು. ಖುಷಿಯಾಗುತ್ತಾರೆ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವರ ಮುಖ ಕೆಂಪಾಗಿತ್ತು.

"ಅಂದ್ರ ಅವತ್ತು ನನಗ ಸರೀನ ಕೇಳಿತ್ತು."

"ಹೌದ್ರಿ."

"ಮತ್ತ ಆಕಿನ್ನ ನಾ ಯಾಕ ಕಳಿಸಿದೆ? ಉಳದವರನ್ನ ಯಾಕ ಕಳಿಸಿದೆ? ನೀ ಹೇಳಿದಿ ಅಂತ ನಾನೂ ನಂಬಿದೆನಲ್ಲ! ನನ್ನ ಗುರು ಕೊಟ್ಟ ಕಿವಿ 'ಇಲ್ಲಿ ಇಲ್ಲ, ಇಲ್ಲಿ ಇಲ್ಲ' ಅಂತ ಬಡಕೊಂಡ್ರೂ ನಾನು 'ಸುಮ್ಕಿರು, ನಿನಗ ವಯಸ್ಸಾಗೈತಿ' ಅಂದೆ."

ತಪ್ಪಾಯಿತು ಎಂದೆ. ಆ ಮಾತು ನನ್ನ ಕಿವಿಗೇ ಹಗುರವಾಗಿ ಕೇಳಿಸಿತು. ಡಾಕ್ಟರು ಬಾಗಿಲ ಕಡೆ ಮುಖ ತಿರುಗಿಸಿದ್ದರು. ಅಕ್ಕೋರು ಎದ್ದು ಒಳಗೆ ಹೋದರು. ಮುಖಕ್ಕೆ ನೀರು ಹಾಕಿಕೊಂಡ ಸದ್ದು ಬಂತು. ಹೊರಗೆ ಬಂದಾಗ ಹೆಗಲ ಮೇಲೆ ಶಾಲಿತ್ತು, ಕಾಲಲ್ಲಿ ಚಪ್ಪಲಿಯಿತ್ತು.

"ಡಾಕ್ಟರೆ, ನಿಮ್ಮ ಗಾಡಿ ರೂಪನಗುಡಿಗೆ ಬರ್ತೈತೇನ್ರಿ?"

"ಬರ್ತೈತಮ್ಮಾ. ಯಾಕ ಬರಂಗಿಲ್ಲ?"

"ನಡಿ ಹಂಗಾರ" ಎಂದು ನನಗೆ ಹೇಳಿದರು. "ಆಕಿ ಮುಂದ ನೀನ ಹೇಳಬೇಕು. ನಾ ಹೇಳಿದ್ರ, ಅಕ್ಕೋರು ಸಮಾಧಾನಕ್ಕ ಹೇಳ್ತಾರ ಅಂತಾಳ."

ಬಳ್ಳಾರಿ ದಾಟುವಾಗ ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಅವಳ ತಂಬೂರಿ ಯಂತ್ರವನ್ನು ತೆಗೆದುಕೊಂಡೆ. ಯಾರೂ ಕೊಳ್ಳಲು ಬಂದಿರಲಿಲ್ಲ. ನಾನು ಯಾರಿಗೂ ಹೇಳಿರಲೂ ಇಲ್ಲ.

ರೂಪನಗುಡಿಯಲ್ಲಿ ಅವಳು ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಕೂತಿದ್ದಳು. ಅಕ್ಕೋರನ್ನು ಕಂಡು ಗಡಬಡಿಸಿ ಎದ್ದಳು. ಮಡಿಲಿನಲ್ಲಿದ್ದ ಬಟ್ಟೆಯ ತುಂಡುಗಳು ನೆಲಕ್ಕೆ ಬಿದ್ದವು. ಅಕ್ಕೋರು ಅವಳಿಗೆ ಏನೂ ಹೇಳದೆ ನನ್ನ ಕಡೆ ನೋಡಿದರು. ಕುರುಗೋಡಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. ಅಲ್ಲಿಗಿಂತ ಇಲ್ಲಿ ಕಷ್ಟವಾಯಿತು. ಅಲ್ಲಿ ಕೇಳಿಸಿ ತೋರಿಸಲು ಸ್ಪೀಕರ್ ಇತ್ತು. ಇಲ್ಲಿ ನಾನು, ನನ್ನ ಮಾತು, ಕೈಯಲ್ಲೊಂದು ಯಂತ್ರ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಪರೀಕ್ಷೆ ಮುಗದ್ ಹೋತಲ್ರಿ" ಅಂದಳು. "ಮತ್ತ ಯಾವಾಗ ಕರೀತಾರೋ ಗೊತ್ತಿಲ್ಲ. ಅವತ್ತಾದ್ರ ನಮ್ಮ ಅತ್ತಿ ಹೂಂ ಅಂದಿದ್ರು. ಇನ್ನೊಮ್ಮೆ ಅಂತಾರೋ ಇಲ್ಲೋ."

ಅದನ್ನು ತಿರುಗಿ ಜೋಡಿಸಲು ನನ್ನ ಕೈಯಲ್ಲಿ ಯಾವ ತಂತಿಯೂ ಇರಲಿಲ್ಲ. ಯಂತ್ರವನ್ನು ಹೊಲಿಗೆ ಮೇಜಿನ ಮೇಲಿಟ್ಟೆ.

ಅಕ್ಕೋರು ಗೋಡೆ ಹಿಡಿದು ನಿಧಾನವಾಗಿ ನೆಲದ ಮೇಲೆ ಕೂತರು. ಬಿದ್ದಿದ್ದ ಬಟ್ಟೆ ತುಂಡುಗಳನ್ನು ಬದಿಗೆ ಸರಿಸಿ, ಯಂತ್ರವನ್ನು ಕೈಗೆ ತಗೊಂಡು ತಾವೇ ಸ್ವಿಚ್ ಹಾಕಿ ಶ್ರುತಿ ಹೊಂದಿಸಿದರು.

"ಕುಂದ್ರು" ಅಂದರು.

"ಅಕ್ಕೋರೆ, ಬಾಯಿ ಬಿಟ್ಟು ಭಾಳ ದಿನ ಆತ್ರಿ."

"ನಂದೂ ಕಿವಿ ಬಿಟ್ಟು ಭಾಳ ದಿನ ಆತು. ಕುಂದ್ರು, ಸಾ ಹಿಡಿ."

ಅವಳು ಕೂತಳು. ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಗಂಟಲು ಸರಿಪಡಿಸಿಕೊಂಡು ಸಾ ಹಿಡಿದಳು. ದನಿ ಮೊದಲು ನಡುಗಿತು, ಆಮೇಲೆ ನಿಂತಿತು. ನನಗೆ ಅದು ಸರಿಯಾಗಿಯೇ ಇದೆ ಅನ್ನಿಸಿತು. ಅಕ್ಕೋರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಹುಬ್ಬು ಗಂಟಿಕ್ಕಿತು. ಕ್ಷಣ ಹೊತ್ತು ಅವರೂ ಹಿಂಜರಿದರು. ಹೇಳಬೇಕೋ ಬೇಡವೋ, ಕೇಳಿದ್ದು ನಿಜವೋ ಅಲ್ಲವೋ ಎಂದು ತಮ್ಮನ್ನೇ ಕೇಳಿಕೊಳ್ಳುವಂತಿತ್ತು. ಆ ಹಿಂಜರಿಕೆ ಅವರಲ್ಲಿ ಮೊದಲು ಇರಲಿಲ್ಲ. ಅದನ್ನು ಅಲ್ಲಿ ಇಟ್ಟವಳು ನಾನು.

ಕೊನೆಗೆ ಅವರು ಹೇಳಿದರು. "ಇಳದೈತಿ. ಒಂದು ಕೂದಲೆಳಿಯಷ್ಟು ಮ್ಯಾಲ ತಗೋ."

ಅವಳು ಏರಿಸಿದಳು. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅಕ್ಕೋರ ಹುಬ್ಬು ಸಡಿಲವಾಯಿತು.

"ಹಾಂ. ಅಲ್ಲೇ. ಬಿಡಬ್ಯಾಡ."

ಅವಳು ಬಿಡಲಿಲ್ಲ. ಉಸಿರು ಮುಗಿಯುವವರೆಗೂ ಹಿಡಿದಳು, ಉಸಿರು ತಗೊಂಡು ಮತ್ತೆ ಹಿಡಿದಳು. ಡಾಕ್ಟರು ಹೊರಗೆ ಜೀಪಿಗೆ ಒರಗಿ ನಿಂತಿದ್ದರು. ನಾನು ಹೊಲಿಗೆ ಯಂತ್ರದ ಪಕ್ಕ ನಿಂತಿದ್ದೆ. ಕೂತ್ಕೋ ಎಂದು ಅವರಿಬ್ಬರೂ ಹೇಳಲಿಲ್ಲ. ನಾನೂ ಕೂರಲಿಲ್ಲ.